ಉತ್ತರದ ದ್ವೀಪದಲ್ಲಿ ಕೇಳಿಸಿದ ಕುರಿಮಂದೆ

ಹಡಗಿನಲ್ಲಿ

ಸ್ಕಾಟ್ಲೆಂಡಿನ ಉತ್ತರಕ್ಕೆ, ಭೂಪಟದ ಹಾಳೆ ಇನ್ನೇನು ಮುಗಿಯಿತು ಎನ್ನುವ ಕಡೆ, ಒಂದಿಷ್ಟು ದ್ವೀಪಗಳಿವೆ. ಅವುಗಳಲ್ಲೊಂದಕ್ಕೆ ಹೋಗುವ ಹಡಗಿನಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿನ ಬೂಟುಗಳ ಮೇಲೆ ವಾಂತಿ ಮಾಡಿದ್ದು. ಆಕೆ ಕರವಸ್ತ್ರ ತೆಗೆದು ಮೊದಲು ನನ್ನ ಬಾಯಿ ಒರೆಸಿದರು, ಆಮೇಲೆ ಬೂಟು. ಸಮುದ್ರ ಹೊಸದೇ ಎಂದು ಕೇಳಿದರು. ನಮ್ಮೂರ ಕಡೆ ಕಣ್ವ ಜಲಾಶಯವೇ ನಾನು ಕಂಡ ದೊಡ್ಡ ನೀರು, ಅದನ್ನೂ ದಂಡೆಯಲ್ಲಿ ನಿಂತು ನೋಡಿದವಳು ಎಂದೆ. ಆಕೆ 'ಆಯ್' ಅಂದರು. ಅವರ ಕಡೆ ಹಾಗೆಂದರೆ ಹೌದು. ಆದರೆ ಆ ಮಾತನ್ನು ಉಸಿರು ಹೊರಬಿಡುತ್ತಾ ಆಡಲಿಲ್ಲ, ಒಳಗೆಳೆದುಕೊಳ್ಳುತ್ತಾ ಆಡಿದರು. ನಾನು ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿ ನೋಡಿದೆ, ನನ್ನ ಬೆನ್ನ ಹಿಂದೆ ಆಕೆ ಏನನ್ನೋ ಕಂಡರೇನೋ ಎಂದು.

ಅಲ್ಲಿಯ ಜನ ಎಲ್ಲರೂ ಹೀಗೇ. ಒಪ್ಪಿಗೆ ಸೂಚಿಸುವಾಗ ಉಸಿರನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತಾರೆ. ನಮ್ಮಲ್ಲಿ ಹಾವು ಕಂಡಾಗಲೋ, ಸಾವಿನ ಸುದ್ದಿ ಬಂದಾಗಲೋ ಕೇಳುವ ಸದ್ದು ಅದು. ಇದಕ್ಕೆ ನನ್ನ ಕಿವಿ ಕೊನೆಯವರೆಗೂ ಪಳಗಲಿಲ್ಲ. ಅಂಗಡಿಯಲ್ಲಿ ಹಾಲು ಇದೆಯಾ ಎಂದು ಕೇಳಿದರೂ ಎದುರಿನವರು ದಿಗಿಲುಬಿದ್ದ ಹಾಗೆ ಹೌದೆನ್ನುವರು.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹೆಸರು ಸವಿತಾ. ಹೊಟ್ಟೆನೋವು ಮಿಸ್ ಎಂದು ಮೇಜಿನ ಪಕ್ಕ ಬಂದು ನಿಲ್ಲುವ ಮಕ್ಕಳ ನೋವು ಹೊಟ್ಟೆಯದಲ್ಲ ಎಂದು ವರ್ಷಗಟ್ಟಲೆ ಗೊತ್ತಾಗುತ್ತಲೇ ಇತ್ತು, ಮುಂದೇನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ರಜೆ ಹಾಕಿ, ವಿದ್ಯಾರ್ಥಿವೇತನ ಹಿಡಿದು, ಶಾಲಾ ಆಪ್ತಸಮಾಲೋಚನೆಯ ಎಂ.ಎಸ್ಸಿ. ಓದಲು ಹೋದೆ. ಕೋರ್ಸಿನಲ್ಲಿ ಒಂದು ಅವಧಿ ಯಾವುದಾದರೂ ಶಾಲೆಯಲ್ಲಿ ಕೆಲಸ ಕಲಿಯಬೇಕು. ಜೊತೆಯವರೆಲ್ಲ ನಗರದ ಶಾಲೆಗಳನ್ನು ಆರಿಸಿಕೊಂಡರು. ಚಳಿಗಾಲದಲ್ಲಿ ಆ ದ್ವೀಪಕ್ಕೆ ಹೋಗಲು ಯಾರೂ ಮುಂದೆ ಬರಲಿಲ್ಲ. ಹೊಸಬಳಾದ ನನಗೆ ಅದು ಗೊತ್ತಿರಲಿಲ್ಲ, ಹೂಂ ಎಂದುಬಿಟ್ಟೆ.

ಕತ್ತಲಲ್ಲಿ ತೆರೆಯುವ ಶಾಲೆ

ಆ ದ್ವೀಪದಲ್ಲಿ ಒಂದೇ ಒಂದು ಮರವಿಲ್ಲ. ಹುಲ್ಲು, ಕಲ್ಲು, ಗಾಳಿ, ಕುರಿ. ನಮ್ಮ ರಾಮನಗರದ ಬಂಡೆಗಳೂ ಬೋಳೇ, ಆದರೆ ಅವುಗಳ ಸಂದಿಯಲ್ಲಿ ಗಿಡವಾದರೂ ಇರುತ್ತದೆ, ಬಿಸಿಲಿಗೆ ಕಾದ ಕಲ್ಲಿಗೆ ಬೆನ್ನು ಕೊಟ್ಟರೆ ಯಾರೋ ನಮ್ಮವರು ಕೂತ ಹಾಗಿರುತ್ತದೆ. ಅಲ್ಲಿಯ ಕಲ್ಲು ಯಾವಾಗಲೂ ಒದ್ದೆ. ಚಳಿಗಾಲದಲ್ಲಿ ಮಕ್ಕಳು ಶಾಲೆಗೆ ಬರುವುದು ಕತ್ತಲಲ್ಲಿ, ಮನೆಗೆ ಹೋಗುವುದೂ ಕತ್ತಲಲ್ಲಿ. ಬೆಳಗಿನ ಬೆಲ್ಲು ಹೊಡೆಯುವಾಗ ಹೊರಗೆ ನಕ್ಷತ್ರಗಳಿರುತ್ತಿದ್ದವು.

ನನಗೆ ಕೆಲಸ ಕಲಿಸುವವರು ಮೊರಾಗ್, ಅರವತ್ತು ದಾಟಿದ ಆಪ್ತಸಮಾಲೋಚಕಿ. ಅವರು ಹೇಳಿಕೊಟ್ಟ ಮೊದಲ ಪಾಠ ಸುಮ್ಮನಿರುವುದು. ಮಗು ಮಾತಾಡದಿದ್ದರೆ ನೀನೂ ಮಾತಾಡಬೇಡ, ಆ ಮೌನವನ್ನು ತುಂಬಿಸಲು ಹೋಗಬೇಡ ಎನ್ನುತ್ತಿದ್ದರು. ನಮ್ಮ ಕಡೆ ಮನೆಯಲ್ಲಿ ಇಬ್ಬರು ಮಾತಾಡದೆ ಕೂತರೆ ಜಗಳವಾಗಿದೆ ಎಂದರ್ಥ. ಹೀಗಾಗಿ ಆ ಪಾಠ ನನಗೆ ಒಗ್ಗಲು ಬಹಳ ದಿನ ಹಿಡಿಯಿತು.

ಎರಡನೆಯ ಪಾಠ, ಸಾವಿನ ಬಗ್ಗೆ ನೇರವಾಗಿ ಕೇಳುವುದು. ಯಾರಿಗಾದರೂ ಬದುಕು ಬೇಡವೆನಿಸಿದೆಯೇನೋ ಎಂದು ಅನುಮಾನ ಬಂದರೆ ಸುತ್ತಿ ಬಳಸಿ ಕೇಳಬಾರದು, ಆ ಮಾತನ್ನೇ ಆಡಿ ಕೇಳಬೇಕು. ಕೇಳುವುದರಿಂದ ಅದು ಹೊಸದಾಗಿ ತಲೆಗೆ ಹೋಗುವುದಿಲ್ಲ, ಒಳಗಿದ್ದರೆ ಹೊರಬರಲು ಬಾಗಿಲು ತೆರೆಯುತ್ತದೆ. ಇದನ್ನು ನಾನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಅಭ್ಯಾಸ ಮಾಡಿದ್ದೆ. ಪರಭಾಷೆಯಲ್ಲಿ ಎಂಥ ಮಾತೂ ನಾಲಗೆಗೆ ಭಾರವಾಗುವುದಿಲ್ಲ. ಕನ್ನಡದಲ್ಲಿ ಆ ವಾಕ್ಯವನ್ನು ಒಮ್ಮೆಯೂ ಆಡಿ ನೋಡಿರಲಿಲ್ಲ.

ದಿನಾ ಬೆಳಗ್ಗೆ ಬೆಲ್ಲಿಗೆ ಮುಂಚೆ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಅಮ್ಮ ಬೇಗ ಹೋದ ಕಾರಣ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ರತ್ನಕ್ಕನೇ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಕೊಟ್ಟಿದೆ. ಗಂಡ, ಅತ್ತೆ, ಮೈದುನನ ಸಂಸಾರ, ಇಬ್ಬರು ಗಂಡುಮಕ್ಕಳು, ಮನೆ ತುಂಬ ಜನ. ದ್ವೀಪದಲ್ಲಿ ಬೆಳಗಿನ ಕತ್ತಲಾದರೆ ಊರಲ್ಲಿ ಮಧ್ಯಾಹ್ನದ ಬಿಸಿಲು. ಅಕ್ಕ ಆಗ ಕುರಿ ಹೊಡೆದುಕೊಂಡು ಬಂಡೆ ಕಡೆ ಹೋಗಿರುತ್ತಿದ್ದಳು. ಕೈಯಲ್ಲಿ ಕೋಲಿರುತ್ತದಲ್ಲ, ಹಾಗಾಗಿ ಫೋನಿನ ಸ್ಪೀಕರ್ ಹಾಕಿ, ಅದನ್ನು ಹೆಗಲಿಗೆ ನೇತುಹಾಕಿದ ಚೀಲದಲ್ಲಿ ಇಟ್ಟುಕೊಂಡು ಮಾತಾಡುವಳು. ಉಂಡ್ಯೇನಮ್ಮಿ, ಚಳಿಗೆ ಏನ್ ಹೊದ್ಕತೀಯೆ, ಅಷ್ಟೇ ಅವಳ ಮಾತು. ಎರಡು ವರ್ಷದ ಹಿಂದೆ ಅವಳ ಮಗಳು ಅನು, ಪಿಯುಸಿ ಓದುತ್ತಿದ್ದ ಹುಡುಗಿ, ಜ್ವರ ಬಂದು ತೀರಿಕೊಂಡಿದ್ದಳು. ಆ ಮಾತನ್ನು ಅಕ್ಕ ಯಾವತ್ತೂ ಎತ್ತುತ್ತಿರಲಿಲ್ಲ. ಗಟ್ಟಿ ಹೆಂಗಸು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಬೆಲ್ಲು ಹೊಡೆದಾಗ ಫೋನಿನ ಪಕ್ಕದ ಗುಂಡಿ ಒತ್ತಿ, ಅದನ್ನು ಮೇಜಿನ ಡ್ರಾಯರಿಗೆ ಹಾಕಿ, ಪ್ರಾರ್ಥನಾ ಸಭೆಗೆ ಓಡುತ್ತಿದ್ದೆ. ಶಾಲೆಯ ವೇಳೆಯಲ್ಲಿ ಯಾರ ಕೈಯಲ್ಲೂ ಫೋನ್ ಇರಬಾರದೆಂಬುದು ಅಲ್ಲಿಯ ನಿಯಮ.

ಬಾಗಿಲು ತಟ್ಟುವ ಕೋಣೆ

ನನಗೆ ಕೊಟ್ಟಿದ್ದು ಶಾಲೆಯ ಹಳೆಯ ಭಾಗದ ಕೊನೆಯ ಕೋಣೆ. ದಪ್ಪ ಕಲ್ಲಿನ ಗೋಡೆ, ಒಂದು ಕಿಟಕಿ, ಅದರಾಚೆ ಸಮುದ್ರ. ಕೆಲವು ದಿನ ಕಳೆದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಕಸ ಗುಡಿಸಲು ಬರುವಾಕೆ ಒಳಗೆ ಯಾರೂ ಇಲ್ಲದಾಗಲೂ ಬಾಗಿಲು ತಟ್ಟಿ, ಒಸಿ ಹೊತ್ತು ನಿಂತು, ಆಮೇಲೆ ಬರುತ್ತಿದ್ದಳು. ಅಡುಗೆಯವರೂ ಹಾಗೆಯೇ. ಮೊರಾಗ್ ಕೂಡ.

ಯಾಕೆಂದು ಮೊರಾಗ್‌ರನ್ನು ಕೇಳಿದೆ. ಹಿಂದೆ, ಅವರ ಮುತ್ತಜ್ಜಿಯ ಕಾಲಕ್ಕೂ ಹಿಂದೆ, ಜಮೀನ್ದಾರರು ಕುರಿ ಮೇಯಿಸಲು ಜಾಗ ಬೇಕೆಂದು ಜನರನ್ನೇ ಮನೆಗಳಿಂದ ಎಬ್ಬಿಸಿ ಹಡಗು ಹತ್ತಿಸಿದ್ದರಂತೆ. ಹಾಗೆ ಖಾಲಿಯಾದ ಮನೆಗಳ ಕಲ್ಲಿನಿಂದಲೇ ಶಾಲೆಯ ಈ ಭಾಗ ಕಟ್ಟಿದ್ದು ಎನ್ನುತ್ತಾರೆ. ಈ ಕೋಣೆಯಲ್ಲಿ ಒಬ್ಬ ಹೆಂಗಸು ಹಳೆಯ ಭಾಷೆಯಲ್ಲಿ ಮಾತಾಡುವುದು ಕೇಳುತ್ತದೆ, ಕುರಿಗಳ ಸದ್ದೂ ಇರುತ್ತದೆ, ಎಂದರು. ನೀವು ಕೇಳಿದ್ದೀರಾ ಎಂದೆ. ಚಿಕ್ಕಂದಿನಲ್ಲಿ ಬರೀ ಕತೆ ಕೇಳಿದ್ದೆ, ಈ ಚಳಿಗಾಲದಲ್ಲಿ ಮಾತ್ರ ಹಲವರು ಕಿವಿಯಾರೆ ಕೇಳಿದ್ದಾರೆ ಎಂದರು.

ನಮ್ಮೂರಾಗಿದ್ದರೆ ಇಷ್ಟೊತ್ತಿಗೆ ನಿಂಬೆಹಣ್ಣು ಕೊಯ್ದು, ಬೂದುಗುಂಬಳ ಒಡೆದು, ಯಾರನ್ನೋ ಕರೆಸಿ ತಾಯತ ಕಟ್ಟಿಸುತ್ತಿದ್ದರು. ಇವರು ಏನನ್ನೂ ಓಡಿಸಲು ಹೋಗುವುದಿಲ್ಲ. ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ, ಅಷ್ಟೇ. ಅವರನ್ನು ಆಗಲೇ ಒಮ್ಮೆ ಮನೆಯಿಂದ ಎಬ್ಬಿಸಿದ್ದಾಗಿದೆ, ಇನ್ನೊಮ್ಮೆ ಬೇಡ ಎಂದರು ಮೊರಾಗ್. ವಿಜ್ಞಾನದ ಟೀಚರಾದ ನಾನು ಮರುದಿನದಿಂದ ತಟ್ಟತೊಡಗಿದೆ.

ಆಮೇಲೊಂದು ಬೆಳಗ್ಗೆ ಸಭೆಯಿಂದ ತುಸು ಬೇಗ ಬಂದು ಬಾಗಿಲ ಹಿಡಿಕೆ ಮುಟ್ಟಿದಾಗ ಒಳಗೆ ಹೆಂಗಸಿನ ದನಿ ಕೇಳಿಸಿತು. ಮಾತು ತಿಳಿಯಲಿಲ್ಲ. ಏಳುತ್ತ ಬೀಳುತ್ತ ಸಾಗುವ ಅದರ ಧಾಟಿ ಮಾತ್ರ ಎಲ್ಲೋ ಬಹಳ ಹಿಂದೆ, ನಿದ್ದೆ ಬರುವ ಮುಂಚೆ ಕೇಳಿದಂತಿತ್ತು. ಬಾಗಿಲು ತೆರೆದೆ. ಒಳಗೆ ಐಲಾ ಒಬ್ಬಳೇ ಇದ್ದಳು. ಅವಳಂತೂ ಮಾತಾಡುವುದಿಲ್ಲ. ಊರಿನ ನೆನಪು ಹೀಗೆ ಕಿವಿಯಲ್ಲಿ ಸದ್ದಾಗುತ್ತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಐಲಾ

ಐಲಾ ಎಂಬುದು ಆ ಮಗುವಿನ ನಿಜವಾದ ಹೆಸರಲ್ಲ. ಎಂಟು ವರ್ಷದವಳು, ಕೆಂಚು ಕೂದಲು. ಹಿಂದಿನ ಚಳಿಗಾಲದಲ್ಲಿ ಅವಳ ತಾತ ತೀರಿಕೊಂಡಿದ್ದ. ಅವನ ಕುರಿಗಳನ್ನೆಲ್ಲ ಮಾರಿದರು. ಆಗಿನಿಂದ ಮಗು ಮನೆಯಲ್ಲೂ ಶಾಲೆಯಲ್ಲೂ ಒಂದು ಮಾತೂ ಆಡಿರಲಿಲ್ಲ. ವೈದ್ಯರು ನೋಡಿ, ಗಂಟಲಿಗೇನೂ ಆಗಿಲ್ಲ ಎಂದಿದ್ದರು. ಅವಳ ತಾಯಿ ಮೀನಿನ ಕಾರ್ಖಾನೆಗೆ ಹೋಗುವವರು, ಮಗಳನ್ನು ಬೇಗ ತಂದು ಬಿಡುತ್ತಿದ್ದರು. ಸಭೆಯ ಗದ್ದಲ ಅವಳಿಗೆ ಆಗುತ್ತಿರಲಿಲ್ಲವಾದ್ದರಿಂದ ಆ ಹೊತ್ತು ನನ್ನ ಕೋಣೆಯಲ್ಲೇ ಕೂತಿರುತ್ತಿದ್ದಳು. ಎದುರಿನ ಕಚೇರಿಯವರು ಬಾಗಿಲಿನ ಕಡೆ ಒಂದು ಕಣ್ಣಿಟ್ಟಿರುತ್ತಿದ್ದರು.

ಕುರ್ಚಿಯಿದ್ದರೂ ಅವಳು ಕೂರುವುದು ನೆಲದ ಮೇಲೆ, ಮೇಜಿಗೆ ತಲೆ ಆನಿಸಿಕೊಂಡು. ಬೆಚ್ಚಗಿನ ಹೀಟರು ಅಲ್ಲೇ ಇದ್ದುದರಿಂದ ಅದಕ್ಕೇ ಎಂದುಕೊಂಡಿದ್ದೆ. ಸಭೆ ಮುಗಿಸಿ ನಾನು ಬಂದಾಗಲೆಲ್ಲ, ಇಬ್ಬರ ಮಾತಿನ ನಡುವೆ ತಲೆ ಹಾಕಿದವರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು. ಬರಬರುತ್ತ ಅವಳ ತುಟಿಗಳು ಅಲುಗುವುದು ಕಂಡಿತು. ಸದ್ದಿರಲಿಲ್ಲ. ಅವಳು ಕೂತಿದ್ದ ಆ ಕೋಣೆಯಲ್ಲಿ ಮತ್ತೊಬ್ಬರಿದ್ದಾರೆ, ಅವಳು ಅವರ ಜೊತೆಗಿದ್ದಾಳೆ, ನಾನೇ ಹೊರಗಿನವಳು ಎನಿಸುತ್ತಿತ್ತು. ಮೊರಾಗ್ ಕಾಯಿ ಎಂದರು. ಕಾದೆ.

ಬಿರುಗಾಳಿಯ ಶುಕ್ರವಾರ

ಆ ಶುಕ್ರವಾರ ಗಾಳಿ ಎಷ್ಟಿತ್ತೆಂದರೆ ಕಾರಿನಿಂದ ಶಾಲೆಯ ಬಾಗಿಲಿಗೆ ಮಕ್ಕಳನ್ನು ಕೈಕೈ ಹಿಡಿಸಿ ಕರೆತಂದರು. ಅರ್ಧ ಮಕ್ಕಳು ಬಂದಿರಲಿಲ್ಲ, ಸಭೆ ರದ್ದಾಯಿತು. ನಾನೂ ಮೊರಾಗ್ ಕೂಡ ಅರ್ಧ ದಾರಿಯಿಂದ ಹಿಂದಿರುಗಿ, ಬಾಗಿಲು ತಟ್ಟಿ ಒಳಗೆ ಹೋದೆವು.

ಐಲಾ ಡ್ರಾಯರಿಗೆ ಕಿವಿಯಿಟ್ಟು ಕೂತಿದ್ದಳು. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ಹೊರಗೆ ಗಾಳಿ ಕೂಗುತ್ತಿತ್ತು. ನಾವು ನಿಂತಲ್ಲೇ ನಿಂತೆವು. ಆಗ ಆ ಮಗು ಬಾಯಿ ತೆರೆದು, ಸ್ಪಷ್ಟವಾಗಿ, ಒಂದೊಂದೇ ಮಾತು ಎತ್ತಿಡುವ ಹಾಗೆ ಹೇಳಿತು:

"ಒಸಿ ತಡಿ ಮಗ. ಕ್ವಾರಿತಾವ್ಲೇ ಇರು. ನಾನೂ ಬಂದ್ಬುಡ್ತೀನಿ."

ವರ್ಷದ ಮೌನದ ನಂತರ ಮಗು ಮಾತಾಡಿತೆಂದು ಮೊರಾಗ್ ನನ್ನ ತೋಳು ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಇದು ಯಾವ ಭಾಷೆ, ನಮ್ಮ ಹಳೆಯದಲ್ಲ, ನನಗೆ ಕ್ವಾರಿ ಎಂಬುದೊಂದೇ ತಿಳಿಯಿತು, ಈ ದ್ವೀಪದಲ್ಲಿ ಕ್ವಾರಿಯೇ ಇಲ್ಲವಲ್ಲ ಎಂದು ಪಿಸುಗುಟ್ಟಿದರು.

ನನಗೆ ಪ್ರತಿ ಮಾತೂ ತಿಳಿಯಿತು. ಅದು ಮಾಗಡಿಯ ಕನ್ನಡ. ಧಾಟಿ ರತ್ನಕ್ಕನದು, 'ಮಗ' ಎನ್ನುವಲ್ಲಿ ಎಳೆಯುವ ಎಳೆತವೂ ಅವಳದೇ. ಗುಡೇಮಾರನಹಳ್ಳಿಯ ಆಚೆ, ಅಕ್ಕ ಕುರಿ ಮೇಯಿಸುವ ಬಂಡೆಯ ಹಿಂದೆ, ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯೊಂದಿದೆ. ನೀರು ತುಂಬಿ ನಿಂತಿರುತ್ತದೆ. ಊರವರು ಮಕ್ಕಳನ್ನು ಅತ್ತ ಬಿಡುವುದಿಲ್ಲ.

ಡ್ರಾಯರ್ ಎಳೆದೆ. ಫೋನಿನ ಪರದೆ ಕಪ್ಪಾಗಿತ್ತು, ಆದರೆ ಅದರೊಳಗೆ ಕುರಿಗಳು ಅರಚುತ್ತಿದ್ದವು. ಪಕ್ಕದ ಗುಂಡಿ ಒತ್ತಿದರೆ ನನ್ನ ಹಳೆಯ ಫೋನಿನಲ್ಲಿ ಕರೆ ಕಡಿಯುತ್ತಿತ್ತು. ಪ್ರಯಾಣಕ್ಕೆಂದು ಕೊಂಡ ಈ ಹೊಸದರಲ್ಲಿ ಬರೀ ಬೆಳಕು ಆರುತ್ತಿತ್ತು ಎಂದು ಆಗ ಹೊಳೆಯಿತು. ಅಕ್ಕನಂತೂ ಎಂದೂ ಕರೆ ಕಡಿದವಳಲ್ಲ, ಮಾಡಿದವರೇ ಇಡಬೇಕು ಎನ್ನುವವಳು. ದಿನಾ ಬೆಳಗ್ಗೆ, ಅವಳು ಹಳ್ಳಕ್ಕೆ ಇಳಿದು ನೆಟ್‌ವರ್ಕ್ ಕಡಿಯುವವರೆಗೆ, ಗುಡೇಮಾರನಹಳ್ಳಿಯ ಮಧ್ಯಾಹ್ನ ಈ ಕೋಣೆಯೊಳಗೆ ಸೋರುತ್ತಿತ್ತು. ಊರೆಲ್ಲ ಅಂಜುತ್ತಿದ್ದ ಹಳೆಯ ಕಾಲದ ಹೆಂಗಸು ನನ್ನ ಅಕ್ಕ.

ಅದು ತಿಳಿದು ಭಯ ಹೋಗಲಿಲ್ಲ, ಬೇರೆ ಕಡೆಗೆ ತಿರುಗಿತು. ಯಾರೂ ಇಲ್ಲದ ಬಯಲಲ್ಲಿ ಅಕ್ಕ ಮಗ ಎಂದು ಯಾರನ್ನು ಕರೆಯುತ್ತಿದ್ದಾಳೆ?

"ಅಕ್ಕ" ಎಂದೆ.

ಮತ್ತೊಮ್ಮೆ ಕರೆದೆ. ಆಗ ಅವಳ ದನಿ ಬಂತು, ನಾನು ಎಂದೂ ಕೇಳಿರದಷ್ಟು ಮೆತ್ತಗೆ. "ಬಂದೆ ಕಣ್ಮಗ. ಬಂದೆ."

"ಅನು ಅಲ್ಲ ಕಣಕ್ಕ. ನಾನು, ಸವಿತ. ಫೋನಲ್ಲಿ ಮಾತಾಡ್ತಿದೀನಿ."

ಚಪ್ಪಲಿಯ ಸದ್ದು ನಿಂತಿತು. ಎಲ್ಲಿದ್ದೀಯೆ ಎಂದು ಕೇಳಿದೆ. ಕ್ವಾರಿ ಅಂಚಿನಲ್ಲಿ ಎಂದಳು, ನೀರು ತರಲು ಬಂದವಳು ಹೇಳುವ ಹಾಗೆ. ಮೊರಾಗ್‌ಗೆ ನನ್ನ ಮುಖ ಕಂಡೇ ತಿಳಿದಿರಬೇಕು. ತಮ್ಮ ಫೋನ್ ಮುಂದೆ ಹಿಡಿದರು. ಅದರಲ್ಲಿ ಭಾವನ ನಂಬರ್ ಒತ್ತಿ, ಅಕ್ಕ ಕ್ವಾರಿ ಹತ್ತಿರ ಇದ್ದಾಳೆ, ಈಗಲೇ ಹೋಗು ಎಂದಷ್ಟೇ ಹೇಳಿ, ಮತ್ತೆ ಅಕ್ಕನ ಕಡೆ ತಿರುಗಿದೆ. ಮನೆಗೆ ಹೋಗು, ಮಕ್ಕಳನ್ನು ನೆನಸಿಕೋ, ಗಟ್ಟಿ ಮನಸ್ಸು ಮಾಡು ಎಂಬ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು. ಆ ಯಾವ ಮಾತನ್ನೂ ಆಡಕೂಡದೆಂದು ಕಲಿತಿದ್ದೆ. ಆಡಬೇಕಾದ ಮಾತು ಒಂದೇ ಇತ್ತು.

"ಅಕ್ಕ, ಸಾಯ್ಬೇಕು ಅನ್ನಿಸ್ತಿದ್ಯಾ ನಿಂಗೆ?"

ಗಾಳಿ ಅಲ್ಲಿಯದೋ ಇಲ್ಲಿಯದೋ ತಿಳಿಯಲಿಲ್ಲ. ಬಹಳ ಹೊತ್ತು ಅದೊಂದೇ ಕೇಳಿಸಿತು. ನಾನು ಸುಮ್ಮನಿದ್ದೆ.

"ಊಂ ಕಣಮ್ಮಿ" ಎಂದಳು ಅಕ್ಕ. "ದಿನಾ ಅನ್ನಿಸ್ತದೆ. ಯಾರೂ ಕೇಳ್ನಿಲ್ಲ."

ಆಮೇಲೆ ಅವಳು ಅತ್ತಳು. ಅನು ಸತ್ತಾಗಲೂ ನಾನು ಆ ಅಳು ಕೇಳಿರಲಿಲ್ಲ. ಅಲ್ಲೇ ಕೂತ್ಕೊ, ನಿಂತಿರಬೇಡ ಎಂದೆ. ಕೂತಳು. ಅಂಚಿನಿಂದ ಹಿಂದಕ್ಕೆ ಸರಿ ಎಂದೆ. ಸರಿದಳು. ಅನು ಬಗ್ಗೆ ಹೇಳು ಎಂದೆ, ಹೇಳುತ್ತಾ ಹೋದಳು. ಮಧ್ಯೆ ಮೋಟಾರ್ ಬೈಕಿನ ಸದ್ದು ಬಂತು, ಫೋನ್ ಕೆಳಗೆ ಬಿತ್ತು, ಕುರಿಗಳ ಅರಚಾಟದಲ್ಲಿ ಏನೂ ತಿಳಿಯದಾಯಿತು. ನಾನು ಉಸಿರು ಒಳಗೆಳೆದುಕೊಂಡವಳು ಬಿಡಲಿಲ್ಲ. ಕೊನೆಗೆ ಭಾವನ ದನಿ ಕೇಳಿಸಿತು.

"ಅವ್ಳೆ. ನನ್ ಪಕ್ಕದಲ್ಲೇ ಕೂತವ್ಳೆ."

ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಐಲಾ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ, ಒರಟಾದ ಸಣ್ಣ ದನಿಯಲ್ಲಿ ಕೇಳಿದಳು, ಕುರಿಗಳು ಚೆನ್ನಾಗಿವೆಯಾ ಎಂದು.

ಗುಡೇಮಾರನಹಳ್ಳಿ

ಮೊರಾಗ್ ಅಂದೇ ವಿಶ್ವವಿದ್ಯಾಲಯಕ್ಕೆ ಹೇಳಿ ನನಗೆ ರಜೆ ಕೊಡಿಸಿದರು. ಗಾಳಿ ಇಳಿದು ಹಡಗು ಬಿಡುವವರೆಗೆ ಕಾದು, ಊರಿಗೆ ಬಂದೆ. ಭಾವ ಆಗಲೇ ಅಕ್ಕನನ್ನು ರಾಮನಗರಕ್ಕೆ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮಾತ್ರೆ ಕೊಟ್ಟಿದ್ದರು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಬೇಕೆಂದಿದ್ದರು. ಒಡಹುಟ್ಟಿದವಳಿಗೆ ನಾನು ಆಪ್ತಸಮಾಲೋಚಕಿಯಾಗುವಂತಿಲ್ಲ, ಅದು ನಮ್ಮ ಕೆಲಸದ ಕಟ್ಟುಪಾಡು. ಜೊತೆಗೆ ಬಸ್ಸಿನಲ್ಲಿ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಕುರಿ ಮೇಯಿಸಲು ಅವಳನ್ನು ಒಬ್ಬಳೇ ಕಳಿಸುತ್ತಿರಲಿಲ್ಲ. ಕ್ವಾರಿ ಕಡೆಗೆ ಭಾವ ಮುಳ್ಳುಬೇಲಿ ಹಾಕಿಸಿದ್ದ.

ಒಂದು ಮಧ್ಯಾಹ್ನ ಇಬ್ಬರೂ ಬಂಡೆಯ ನೆರಳಲ್ಲಿ ಕೂತಿದ್ದೆವು. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ, ಬರ್ಕೊ, ನನ್ನಂಗಿರೋರು ಓದ್ಲಿ ಎಂದಳು. ಆಮೇಲೆ ತಾನಾಗಿಯೇ ಒಂದು ವಿಷಯ ಹೇಳಿದಳು. ಡಾಕ್ಟರಿಗೂ ಹೇಳಿರಲಿಲ್ಲವಂತೆ.

"ನಾನೇ ಒಬ್ಳೇ ಮಾತಾಡ್ತಿರ್ನಿಲ್ಲ ಕಣಮ್ಮಿ. ಅನು ಕರೀತಿದ್ಲು. ಅಮ್ಮಾ, ಅಮ್ಮಾ ಅಂತ. ನನ್ನ ಸೊಂಟದತಾವ್ಲೇ ಕೇಳ್ಸದು. ಅದ್ಕೇ ಬತ್ತೀನಿ ಅಂತಿದ್ದೆ."

ನಾನು ಅವಳ ಚೀಲದ ಕಡೆ ನೋಡಿದೆ. ಚೀಲದಲ್ಲಿದ್ದ ಫೋನು ಹೆಗಲಿನಿಂದ ಇಳಿಬಿದ್ದು ಸೊಂಟದ ಹತ್ತಿರವೇ ಬರುತ್ತಿತ್ತು.

ನಾನು ದ್ವೀಪದಿಂದ ಹೊರಡುವ ಮುಂಚೆ ಮೊರಾಗ್ ಐಲಾಳನ್ನು, ನೀನು ಆ ಡ್ರಾಯರಿಗೆ ಏನು ಹೇಳುತ್ತಿದ್ದೆ ಎಂದು ಕೇಳಿದ್ದರು. ಅವಳ ತಾತ ಕುರಿಗಳನ್ನು ಕರೆಯಲು 'ಕಮ್ಮಾ, ಕಮ್ಮಾ' ಎಂದು ಎಳೆದು ಕೂಗುತ್ತಿದ್ದನಂತೆ. ಡ್ರಾಯರಿನಲ್ಲಿ ಕುರಿ ಅರಚುವುದು ಕೇಳಿ, ಮಾರಿಹೋದ ತಾತನ ಕುರಿಗಳು ಅಲ್ಲಿವೆ ಎಂದು ಆ ಮಗು ನಂಬಿತ್ತು. ಯಾರೂ ಇಲ್ಲದಾಗ, ಪಿಸುದನಿಯಲ್ಲಿ, ದಿನಾ ಅವುಗಳನ್ನು ವಾಪಸ್ಸು ಕರೆಯುತ್ತಿತ್ತು.

ಅಕ್ಕನಿಗೆ ಇದನ್ನು ಹೇಳಬೇಕೇ ಬೇಡವೇ ಎಂದು ಬಹಳ ಹೊತ್ತು ಯೋಚಿಸಿದೆ. ಸತ್ತ ಮಗಳ ದನಿಯನ್ನು ಅವಳಿಂದ ಕಿತ್ತುಕೊಂಡ ಹಾಗಾಗುತ್ತದಲ್ಲ. ಆದರೆ ಆ ದನಿಯೇ ಅವಳನ್ನು ನೀರಿನ ಅಂಚಿಗೆ ಕರೆದೊಯ್ದದ್ದು. ಹೇಳಿದೆ.

ಅಕ್ಕ ಕೇಳಿಸಿಕೊಂಡಳು, ಅಳಲಿಲ್ಲ. ಆ ಮಗು ಈಗ ಮಾತಾಡ್ತದಾ ಎಂದಳು. ಒಸಿ ಒಸಿ ಆಡ್ತಾಳಂತೆ ಎಂದೆ. ಎದುರಿಗೆ ಮೇಯುತ್ತಿದ್ದ ಕುರಿಗಳನ್ನೇ ನೋಡುತ್ತ ಕೂತಳು. ಏನನ್ನೋ ಲೆಕ್ಕ ಹಾಕುತ್ತಿದ್ದಂತಿತ್ತು.

"ಅಂಗಾರೆ ಆ ಮಗು ಕರೀತಿದ್ದುದ್ಕೇ ಇರ್ಬೇಕು" ಎಂದಳು. "ನಾನು ಆ ಅಂಚ್ಗೆ ಹೋದಾಗ್ಲೆಲ್ಲ ಕುರಿ ಮೇಯೋದು ಬುಟ್ಟು ಓಡ್ಬಂದು ನನ್ನ ಸುತ್ತ ನಿಂತ್ಕಬುಡೋವು. ಎಷ್ಟು ಹೊಡುದ್ರೂ ಜಾಗ ಬುಡ್ತಿರ್ನಿಲ್ಲ. ಕಾಲು ಮುಂದ್ಕೆ ಇಡಕ್ಕೇ ಆಯ್ತಿರ್ನಿಲ್ಲ."